ಊರಿನ ಶಾಲೆಗೆ ಹೊರಟ ಕಾಲೇಜು ವಿದ್ಯಾರ್ಥಿಗಳಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು ಮತ್ತು ಉಡುಪಿ ಭಾಗದ ಪದವಿ ವಿದ್ಯಾರ್ಥಿಗಳು ಹತ್ತಿರದ ಸರಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಿ ಏನಾದರೂ ಮಾಡಬೇಕೆಂದು ಹೊರಟಾಗ ಕೇಳುವ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತಾ, ಇಂಥ ತಂಡಗಳ ಜೊತೆ ಓಡಾಡುತ್ತಾ ಕೇಳಿಸಿಕೊಂಡ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

ಹೊರಡುವ ಮುನ್ನ

ಎಸೆಸೆಲ್ಸಿಯಲ್ಲಿ ನಮ್ಮೆರಡು ಜಿಲ್ಲೆಗಳೇ ಮುಂದೆ ಇರುವಾಗ, ಇಲ್ಲಿನ ಶಾಲೆಗಳಿಗೆ ನಮ್ಮಿಂದ ಆಗಬೇಕಾದದ್ದು ಏನಿದೆ?

ಫಲಿತಾಂಶದ ಮಾತು ನಿಜ. 2024ರಲ್ಲಿ ಉಡುಪಿ ಶೇ. 94ರೊಂದಿಗೆ ಮೊದಲ ಸ್ಥಾನದಲ್ಲಿಯೂ ದಕ್ಷಿಣ ಕನ್ನಡ ಶೇ. 92.12ರೊಂದಿಗೆ ಎರಡನೆಯ ಸ್ಥಾನದಲ್ಲಿಯೂ ಇದ್ದವು. 2025ರಲ್ಲಿ ಸ್ಥಾನಗಳು ಅದಲುಬದಲಾಗಿ ದಕ್ಷಿಣ ಕನ್ನಡ ಶೇ. 91.12, ಉಡುಪಿ ಶೇ. 89.96 ಪಡೆದವು. ಆದರೆ ಜಿಲ್ಲೆಯ ಸರಾಸರಿ ಎನ್ನುವುದು ನಿಮ್ಮ ಕಾಲೇಜಿನಿಂದ ಎರಡು ಕಿಲೋಮೀಟರ್ ದೂರದ ಕಿರಿಯ ಪ್ರಾಥಮಿಕ ಶಾಲೆಯ ಸ್ಥಿತಿಯನ್ನು ಹೇಳುವುದಿಲ್ಲ. ಅಲ್ಲಿ ಇಬ್ಬರೇ ಶಿಕ್ಷಕರು ಐದು ತರಗತಿಗಳನ್ನು ನೋಡಿಕೊಳ್ಳುತ್ತಿರಬಹುದು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು. ಅವರಲ್ಲಿ ಒಬ್ಬರು ಸಭೆಗೋ ತರಬೇತಿಗೋ ಹೋದ ದಿನ ಉಳಿದವರು ಒಬ್ಬರೇ. ಹತ್ತನೆಯ ತರಗತಿಯ ಫಲಿತಾಂಶದಲ್ಲಿ ಕಾಣಿಸದ ತೊಡಕುಗಳು ಮೂರನೆಯ, ನಾಲ್ಕನೆಯ ತರಗತಿಗಳಲ್ಲಿರುತ್ತವೆ. ನಿಮ್ಮ ಕೈಗೆಟಕುವ ಕೆಲಸ ಇರುವುದೂ ಅಲ್ಲಿಯೇ.

ನಾನು ಬಿ.ಕಾಂ. ಓದುವವಳು, ಕಲಿಸುವ ತರಬೇತಿ ಪಡೆದಿಲ್ಲ. ನನ್ನಿಂದ ಏನು ಪ್ರಯೋಜನ?

ತರಗತಿ ತೆಗೆದುಕೊಂಡು ಪಾಠ ಮಾಡುವುದು ಶಿಕ್ಷಕರ ಕೆಲಸ; ಅದನ್ನು ನಿಮ್ಮಿಂದ ಯಾರೂ ನಿರೀಕ್ಷಿಸುವುದಿಲ್ಲ, ನಿರೀಕ್ಷಿಸಬಾರದು ಕೂಡ. ಶಾಲೆಗೆ ಬೇಕಾಗಿರುವುದು ಮೂರೋ ನಾಲ್ಕೋ ಮಕ್ಕಳ ಪಕ್ಕದಲ್ಲಿ ಕುಳಿತು, ಅವರು ಓದುವುದನ್ನು ಅವಸರವಿಲ್ಲದೆ ಕೇಳಿಸಿಕೊಳ್ಳುವ ಒಬ್ಬ ಹಿರಿಯ. ಒಂದೇ ಕೋಣೆಯಲ್ಲಿ ಮೂರು ತರಗತಿಗಳನ್ನು ಸಂಭಾಳಿಸುವ ಟೀಚರಿಗೆ ಎಷ್ಟೇ ಮನಸ್ಸಿದ್ದರೂ ಇದಕ್ಕೆ ಸಮಯ ಸಿಗುವುದಿಲ್ಲ. ಕೊಣಾಜೆಯ ವಿಶ್ವವಿದ್ಯಾನಿಲಯದಿಂದ ಹೆಚ್ಚು ದೂರವಿಲ್ಲದ ಹರೇಕಳದಲ್ಲಿ, ಸ್ವತಃ ಶಾಲೆಯ ಮೆಟ್ಟಿಲು ಹತ್ತದ ಕಿತ್ತಳೆ ವ್ಯಾಪಾರಿ ಹಾಜಬ್ಬನವರು ತಮ್ಮ ಗಳಿಕೆಯಿಂದ ಊರಿಗೊಂದು ಶಾಲೆಯನ್ನೇ ತಂದರು. 2020ರ ಪದ್ಮಶ್ರೀ ಗೌರವ ಅದಕ್ಕಾಗಿ ಬಂತು. ಅವರನ್ನು ನೆನೆದರೆ ತರಬೇತಿಯ ಕೊರತೆ ದೊಡ್ಡ ಅಡ್ಡಿ ಅನ್ನಿಸಲಿಕ್ಕಿಲ್ಲ.

ಯಾರನ್ನು ಕೇಳಬೇಕು? ನೇರವಾಗಿ ಶಾಲೆಗೇ ಹೋದರೆ ಆಗುವುದಿಲ್ಲವೇ?

ಹೋಗಬಹುದು, ಆದರೆ ಮೊದಲ ಸಲ ಕೇಳುವುದಕ್ಕಾಗಿ ಮಾತ್ರ ಹೋಗಿ. ಮುಖ್ಯೋಪಾಧ್ಯಾಯರನ್ನು ಕಂಡು, ಕಾಲೇಜಿನ ಪ್ರಾಂಶುಪಾಲರು ಅಥವಾ ರಾಷ್ಟ್ರೀಯ ಸೇವಾ ಯೋಜನೆಯ (ಎನ್ನೆಸ್ಸೆಸ್) ಯೋಜನಾಧಿಕಾರಿ ಸಹಿ ಮಾಡಿದ ಒಂದು ಪತ್ರವನ್ನು ಕೊಡಬೇಕು. ಅದರಲ್ಲಿ ಬರುವವರ ಹೆಸರು, ವಾರದ ದಿನ, ಹೊತ್ತು ಮತ್ತು ಎಷ್ಟು ತಿಂಗಳ ಮಟ್ಟಿಗೆ ಬರುತ್ತೀರಿ ಎಂಬುದು ಸ್ಪಷ್ಟವಾಗಿರಲಿ. ಮುಖ್ಯೋಪಾಧ್ಯಾಯರು ಅದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಲ್ಲರೂ ಎಸ್‌ಡಿಎಂಸಿ ಎಂದು ಕರೆಯುವ ಸಮಿತಿಯ ಮುಂದಿಡುತ್ತಾರೆ. ಈ ಸಮಿತಿಯ ಅಧ್ಯಕ್ಷರು ಮಕ್ಕಳ ಪೋಷಕರಲ್ಲೇ ಒಬ್ಬರಾಗಿರುತ್ತಾರೆ. ಅವರಿಗೆ ನಿಮ್ಮ ಪರಿಚಯವಾದರೆ ಊರಿಗೇ ಪರಿಚಯವಾದಂತೆ. ಹಲವು ಶಾಲೆಗಳಲ್ಲಿ ಒಟ್ಟಿಗೆ ಕೆಲಸ ಮಾಡುವ ಯೋಚನೆಯಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪಡೆಯುವುದು ಕ್ರಮ. ಮಂಗಳೂರಿನವರು ತಮ್ಮ ಶಾಲೆ ಉತ್ತರ ವಲಯಕ್ಕೆ ಸೇರಿದೆಯೋ ದಕ್ಷಿಣ ವಲಯಕ್ಕೋ ಎಂಬುದನ್ನು ಮೊದಲೇ ತಿಳಿದುಕೊಂಡರೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುವುದು ತಪ್ಪುತ್ತದೆ. ಯಾವ ಶಾಲೆಗೆ ಎಂತಹ ನೆರವು ಬೇಕು ಎಂಬುದನ್ನು ಚೆನ್ನಾಗಿ ಬಲ್ಲವರು ಸಮೂಹ ಸಂಪನ್ಮೂಲ ವ್ಯಕ್ತಿಗಳು. ಹತ್ತಾರು ಶಾಲೆಗಳಿಗೆ ತಿಂಗಳು ತಿಂಗಳು ಹೋಗಿ ಬರುವವರು ಅವರೇ.

ಎನ್ನೆಸ್ಸೆಸ್‌ಗೆ ಸೇರದವರಿಗೆ ಅವಕಾಶ ಇಲ್ಲವೇ?

ಇದೆ. ಯುವ ರೆಡ್‌ಕ್ರಾಸ್, ರೋವರ್ಸ್ ಮತ್ತು ರೇಂಜರ್ಸ್, ವಿಭಾಗದ ಸಂಘ ಇವುಗಳಲ್ಲಿ ಯಾವುದರ ಮೂಲಕವಾದರೂ ಹೋಗಬಹುದು. ಕೇಂದ್ರ ಸರಕಾರದ ವಿದ್ಯಾಂಜಲಿ ಜಾಲತಾಣದಲ್ಲಿ ಒಬ್ಬರೇ ಹೆಸರು ನೋಂದಾಯಿಸಿ ಶಾಲೆಯನ್ನು ಆರಿಸಿಕೊಳ್ಳುವ ದಾರಿಯೂ ಉಂಟು.

ವಾರಕ್ಕೆ ಎಷ್ಟು ಹೊತ್ತು ಕೊಡಬೇಕು? ನಡುವೆ ನಮ್ಮ ಸೆಮಿಸ್ಟರ್ ಪರೀಕ್ಷೆ ಬಂದರೆ ಏನು ಮಾಡುವುದು?

ವಾರಕ್ಕೆ ಒಂದೂವರೆ ಗಂಟೆ, ಒಂದೇ ದಿನ, ಒಂದೇ ಹೊತ್ತಿಗೆ. ಅದಕ್ಕಿಂತ ಹೆಚ್ಚು ಕೊಡಲು ಹೋದವರು ಎರಡನೆಯ ತಿಂಗಳಿಗೆ ಸುಸ್ತಾಗಿ ನಿಂತದ್ದನ್ನು ನೋಡಿದ್ದೇನೆ. ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಸಲ್ಲಿಸಬೇಕೆಂಬ ನಿಯಮವಿದೆ. ವಾರಕ್ಕೆ ಒಂದೂವರೆ ಗಂಟೆಯಂತೆ 24 ವಾರ ಹೋದರೆ 36 ಗಂಟೆ ಇದೊಂದರಿಂದಲೇ ಆಗುತ್ತದೆ. ಏಳು ದಿನಗಳ ವಿಶೇಷ ಶಿಬಿರವನ್ನು ಶಾಲೆಯಲ್ಲಿ ನಡೆಸುವುದಕ್ಕೂ ಇಡೀ ವರ್ಷ ಆ ಶಾಲೆಗೆ ಹೋಗಿಬರುವುದಕ್ಕೂ ಬಹಳ ಅಂತರವಿದೆ. ಶಿಬಿರದಲ್ಲಿ ಕಾಲೇಜಿನವರಿಗೆ ಶಾಲೆಯ ಪರಿಚಯವಾಗುತ್ತದೆ, ಅಷ್ಟೇ.

ದಿನವನ್ನು ಆರಿಸುವಾಗ ಎರಡೂ ಕಡೆಯ ಪಂಚಾಂಗವನ್ನು ಎದುರಿಗಿಟ್ಟುಕೊಳ್ಳಿ. ಶಾಲೆ ಮೇ ಕೊನೆಗೆ ತೆರೆಯುತ್ತದೆ. ಜೂನ್, ಜುಲೈಗಳಲ್ಲಿ ಜಿಲ್ಲಾಡಳಿತ ಘೋಷಿಸುವ ಮಳೆ ರಜೆಗಳಿಂದ ವಾರದ ಲೆಕ್ಕ ತಪ್ಪುತ್ತದೆ, ತಪ್ಪಿದ ಪಾಠವನ್ನು ಶನಿವಾರ ಮಧ್ಯಾಹ್ನ ಸರಿದೂಗಿಸುವುದೂ ಉಂಟು. ಆಮೇಲೆ ದಸರಾ ರಜೆ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ವಾರ್ಷಿಕೋತ್ಸವ. ಎಡೆಬಿಡದೆ ಸಿಗುವುದು ಆಗಸ್ಟ್‌ನಿಂದ ಸೆಪ್ಟೆಂಬರ್ ಮತ್ತು ನವೆಂಬರ್‌ನಿಂದ ಫೆಬ್ರವರಿ. ನಿಮ್ಮ ಪರೀಕ್ಷೆ ಬಂದಾಗ ಎರಡು ವಾರ ಬರುವುದಿಲ್ಲ ಎಂದು ಮಕ್ಕಳಿಗೇ ಮೊದಲು ಹೇಳಬೇಕು. ಹೇಳದೆ ತಪ್ಪಿಸಿಕೊಂಡರೆ ಜಗಲಿಯಲ್ಲಿ ಕಾದು ಕುಳಿತ ಮಗುವಿಗೆ ಆಗುವ ಬೇಸರ ಸಣ್ಣದಲ್ಲ.

ತರಗತಿಯ ಒಳಗೆ

ಮಕ್ಕಳು ತಮ್ಮೊಳಗೆ ತುಳು, ಬ್ಯಾರಿ, ಕೊಂಕಣಿ ಮಾತಾಡುತ್ತಾರೆ. ನಾನು ಘಟ್ಟದ ಮೇಲಿನವನು. ಹೇಗೆ ಹೊಂದಿಕೊಳ್ಳಲಿ?

ಕರಾವಳಿಯ ಒಂದೇ ತರಗತಿಯಲ್ಲಿ ನಾಲ್ಕು ಮನೆಮಾತುಗಳಿರುವುದು ಸಾಮಾನ್ಯ. ಕುಂದಾಪುರದ ಕಡೆಗೆ ಹೋದರೆ ಕುಂದಗನ್ನಡ, ಸುಳ್ಯದ ಕಡೆ ಅರೆಭಾಷೆ ಸೇರಿಕೊಳ್ಳುತ್ತವೆ. ಈ ಮಕ್ಕಳಿಗೆ ಪುಸ್ತಕದ ಕನ್ನಡ ಎರಡನೆಯ ಭಾಷೆ. ಮಗು ಉತ್ತರಿಸದಿದ್ದರೆ ಅದಕ್ಕೆ ವಿಷಯ ಗೊತ್ತಿಲ್ಲವೆಂದು ತೀರ್ಮಾನಿಸುವ ಮುನ್ನ ಪದ ಗೊತ್ತಿದೆಯೇ ಎಂದು ನೋಡಬೇಕು. ತುಳುವಿನಲ್ಲಿ ‘ಇಲ್ಲ್’ ಎಂದರೆ ಮನೆ, ‘ಬಲೆ’ ಎಂದರೆ ಬನ್ನಿ. ‘ಮೀನುಗಾರನ ಬಲೆ’ ಎಂದು ಓದಿದ ಹುಡುಗ ಯಾಕೆ ನಕ್ಕ ಎಂಬುದು ನಿಮಗೆ ತಿಳಿಯದೆ ಹೋದರೆ ನೀವು ಗದರುತ್ತೀರಿ, ಅವನು ಮುಂದಿನ ವಾರ ಬಾಯಿ ತೆರೆಯುವುದಿಲ್ಲ.

ಮಕ್ಕಳಿಂದಲೇ ವಾರಕ್ಕೆ ಐದು ಪದ ಕಲಿಯುವುದು ಒಳ್ಳೆಯ ಉಪಾಯ. ‘ಒಂಜಿ, ರಡ್ಡ್, ಮೂಜಿ’ ಎಂದು ನೀವು ತಪ್ಪುತಪ್ಪಾಗಿ ಎಣಿಸುವುದನ್ನು ತಿದ್ದುವಾಗ ಅವರಿಗೆ ಸಿಗುವ ಸಂತೋಷ ನೋಡಬೇಕು! ತಾವೂ ಕಲಿಸಬಲ್ಲೆವು ಎಂಬುದು ಗೊತ್ತಾದ ಮಗು ಕನ್ನಡದಲ್ಲಿ ತಪ್ಪಲು ಹೆದರುವುದಿಲ್ಲ. ತುಳುವನ್ನು ಆರನೆಯ ತರಗತಿಯಿಂದ ತೃತೀಯ ಭಾಷೆಯಾಗಿ ಆರಿಸಿಕೊಳ್ಳಲು ಅವಕಾಶವಿರುವ ಜಿಲ್ಲೆಗಳಿವು. ಆದ್ದರಿಂದ ‘ಶಾಲೆಯಲ್ಲಿ ತುಳು ಮಾತಾಡಬಾರದು’ ಎಂಬ ಹಳೆಯ ಗದರಿಕೆಯನ್ನು ನೀವು ಮುಂದುವರಿಸಬೇಕಾಗಿಲ್ಲ.

ಐದನೆಯ ತರಗತಿಯ ಹುಡುಗನಿಗೆ ಸರಿಯಾಗಿ ಓದಲು ಬರುವುದಿಲ್ಲ. ಎಲ್ಲಿಂದ ಶುರು ಮಾಡಬೇಕು?

‘ಓದಲು ಬರುವುದಿಲ್ಲ’ ಎಂಬ ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ, ಅವನ್ನು ಬಿಡಿಸುವುದೇ ಮೊದಲ ದಿನದ ಕೆಲಸ. ಬಿಡಿ ಅಕ್ಷರ, ಸರಳ ಪದ, ನಾಲ್ಕು ಸಾಲಿನ ಪರಿಚ್ಛೇದ, ಪುಟ್ಟ ಕತೆ ಎಂಬ ನಾಲ್ಕು ಚೀಟಿಗಳನ್ನು ಬರೆದಿಟ್ಟುಕೊಂಡು ಮಗು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ. ಗ್ರಾಮೀಣ ಮಕ್ಕಳ ಕಲಿಕೆಯನ್ನು 2005ರಿಂದ ಅಳೆಯುತ್ತಿರುವ ಅಸರ್ ಸಮೀಕ್ಷೆಯ ಕ್ರಮವೂ ಹೆಚ್ಚುಕಡಿಮೆ ಇದೇ. ಪರೀಕ್ಷೆ ಎಂದು ಹೇಳದೆ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಎಲ್ಲರಿಗೂ ಕಾಣುವ ಜಗಲಿಯಲ್ಲೇ ಕುಳಿತು ಕೇಳಿದರೆ ಸಾಕು.

ಬಿಡಿ ಅಕ್ಷರದಲ್ಲೇ ನಿಂತವರು ಐದನೆಯ ತರಗತಿಯಲ್ಲಿ ಕಡಿಮೆ. ಹೆಚ್ಚಿನವರು ಎಡವುವುದು ಕಾಗುಣಿತದ ದೀರ್ಘಗಳಲ್ಲಿ ಮತ್ತು ಒತ್ತಕ್ಷರದಲ್ಲಿ. ನಾವು ದೊಡ್ಡವರು ಮರೆತಿರುವ ಒಂದು ಸಂಗತಿ ಇಲ್ಲಿದೆ: ಕನ್ನಡದ ಬಹುತೇಕ ಒತ್ತುಗಳು ಮೂಲ ಅಕ್ಷರದ ತಲೆಕಟ್ಟಿಲ್ಲದ ಪುಟ್ಟ ರೂಪಗಳಾದರೂ, ತ, ನ, ಮ, ಯ, ರ, ಲ ಇವುಗಳ ಒತ್ತುಗಳಿಗೂ ಮೂಲಕ್ಕೂ ಕಣ್ಣಿಗೆ ಕಾಣುವ ಹೋಲಿಕೆ ಇಲ್ಲವೆಂದೇ ಹೇಳಬೇಕು. ಆ ಆರನ್ನು ಮಗು ಹೊಸ ಅಕ್ಷರಗಳೆಂದೇ ಕಲಿಯಬೇಕಾಗುತ್ತದೆ. ಹಾಗಾಗಿ ‘ಅಕ್ಕ, ಹಗ್ಗ, ಬೆಟ್ಟ’ ಎಂಬ ಸಜಾತೀಯ ಒತ್ತುಗಳಲ್ಲಿ ಕೈಪಳಗಿದ ಮೇಲೆ ‘ಹತ್ತು, ಅನ್ನ, ಅಮ್ಮ, ಹಲ್ಲು’ ಕಡೆಗೆ, ಅಲ್ಲಿಂದ ‘ಪುಸ್ತಕ, ಚಂದ್ರ’ ಎಂಬ ವಿಜಾತೀಯ ಒತ್ತುಗಳಿಗೆ ಹೋಗಿ, ‘ಸೂರ್ಯ’ದಂತಹ ಅರ್ಕಾವೊತ್ತಿನ ಪದಗಳನ್ನು ಕೊನೆಗಿಡಿ. ಅದರಲ್ಲಿ ಮೊದಲು ಉಚ್ಚರಿಸುವ ‘ರ್’ ಬರವಣಿಗೆಯಲ್ಲಿ ಕೊನೆಗೆ ಬರುವುದರಿಂದ ಜಾಣ ಮಕ್ಕಳೂ ಗೊಂದಲಗೊಳ್ಳುತ್ತಾರೆ.

ಒಂದರಿಂದ ಮೂರನೆಯ ತರಗತಿಯವರೆಗೆ ನಲಿ–ಕಲಿ ಪದ್ಧತಿ ಇದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹರಡಿದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿಯ ಮೆಟ್ಟಿಲು ಹತ್ತುತ್ತದೆ. ಆ ಕೋಣೆಗೆ ನೆರವಿಗೆ ಹೋದವರು ತಮ್ಮದೇ ಕ್ರಮವನ್ನು ತರಬಾರದು. ಮಗು ಯಾವ ಮೆಟ್ಟಿಲಲ್ಲಿದೆ ಎಂದು ಟೀಚರನ್ನು ಕೇಳಿ, ಆ ಕಾರ್ಡನ್ನೇ ಹಿಡಿದು ಕೂರಬೇಕು.

ಲೆಕ್ಕವನ್ನು ಏನು ಇಟ್ಟುಕೊಂಡು ಹೇಳಿಕೊಡುವುದು? ಶಾಲೆಯಲ್ಲಿ ಸಲಕರಣೆ ಇಲ್ಲ.

ಹಿಡಿಸೂಡಿ ಇದೆಯಲ್ಲ? ತೆಂಗಿನ ಗರಿಯ ಕಡ್ಡಿಗಳನ್ನು ಗೇಣುದ್ದ ಮುರಿದು ಹತ್ತು ಹತ್ತರ ಕಟ್ಟು ಮಾಡಿದರೆ ದಶಕ ಕೈಗೆ ಸಿಗುತ್ತದೆ. 42ರಿಂದ 17 ಕಳೆಯಲು ಒಂದು ಕಟ್ಟನ್ನು ಬಿಚ್ಚಲೇಬೇಕು ಎಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ತಾಯಿ ಬೀಡಿ ಕಟ್ಟುವ ಮನೆಯ ಮಕ್ಕಳಿಗೆ ಸಾವಿರಕ್ಕೆ ಇಷ್ಟು ಮಜೂರಿ ಎಂಬ ಲೆಕ್ಕ ಬಾಯಲ್ಲೇ ಇರುತ್ತದೆ. ಅದನ್ನು ಕಾಗದಕ್ಕೆ ಇಳಿಸುವುದಷ್ಟೇ ಬಾಕಿ.

ಗಲಾಟೆ ಮಾಡಿದರೆ ಸ್ವಲ್ಪ ಗದರಬಹುದಲ್ಲ? ನಮ್ಮ ಕಾಲದಲ್ಲಿ ಬೆತ್ತದ ಪೆಟ್ಟೇ ಬೀಳುತ್ತಿತ್ತು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕಿವಿ ಹಿಂಡುವುದು, ಬಸ್ಕಿ ಹೊಡೆಸುವುದು, ‘ದಡ್ಡ’ ಎಂದು ಕರೆಯುವುದು ಎಲ್ಲವೂ ಇದರೊಳಗೇ ಬರುತ್ತವೆ. ತರಗತಿ ಕೈಮೀರಿದರೆ ಶಿಕ್ಷಕರನ್ನು ಕರೆಯಿರಿ, ಅದರಲ್ಲಿ ಅವಮಾನವೇನಿಲ್ಲ.

ಫೋಟೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಬಹುದೇ? ವರದಿಗೂ ಬೇಕಾಗುತ್ತದೆ.

ಮಕ್ಕಳ ಮುಖ ಕಾಣುವ ಚಿತ್ರವನ್ನು ನಿಮ್ಮ ಖಾತೆಗೆ ಹಾಕಬೇಡಿ. ವರದಿಗೆ ಬೇಕಾದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಹಿಂದಿನಿಂದ ತೆಗೆದ ಒಂದೆರಡು ಚಿತ್ರಗಳು ಸಾಕು. ಮಕ್ಕಳಿಗೆ ನಿಮ್ಮ ಮೊಬೈಲ್ ಸಂಖ್ಯೆ ಕೊಡುವುದು, ಬೈಕಿನಲ್ಲಿ ಮನೆಗೆ ಬಿಡುವುದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನೊಡನೆ ಕೂರುವುದು ಇವನ್ನೂ ಮಾಡಬಾರದು. ನಿಮ್ಮ ಮೇಲಿನ ಅನುಮಾನದಿಂದ ಮಾಡಿದ ನಿಯಮವಲ್ಲ ಇದು. ಎಲ್ಲರಿಗೂ ಒಂದೇ ನಿಯಮವಿದ್ದಾಗ ಮಾತ್ರ ತಪ್ಪು ಉದ್ದೇಶದವರು ಬೇಗ ಗೊತ್ತಾಗುತ್ತಾರೆ.

ಗೋಡೆಗೆ ಬಣ್ಣ ಬಳಿದು, ಒಂದಷ್ಟು ಪುಸ್ತಕ ಕೊಟ್ಟು ಬರುವುದು ಒಂದೇ ದಿನದಲ್ಲಿ ಮುಗಿಯುತ್ತದೆ. ಅದು ಸಾಲದೇ?

ನಮ್ಮದೇ ಅನುಭವ ಹೇಳುತ್ತೇನೆ. ಒಂದು ವರ್ಷ ಮೇ ಕೊನೆಯಲ್ಲಿ ಶಾಲೆಯೊಂದರ ಆವರಣ ಗೋಡೆಗೆ ತಂಡವಾಗಿ ಬಣ್ಣ ಬಳಿದು ಹೂವು, ಹಕ್ಕಿ, ವರ್ಣಮಾಲೆ ಬರೆದೆವು. ಹಳೆಯ ಪಾಚಿಯನ್ನು ಸರಿಯಾಗಿ ಕೆರೆದು ಒಣಗಿಸುವ ತಾಳ್ಮೆ ನಮಗಿರಲಿಲ್ಲ. ಆಟಿ ತಿಂಗಳ ಮಳೆ ಮುಗಿಯುವಷ್ಟರಲ್ಲಿ ಕೆಂಪುಕಲ್ಲಿನ ಗೋಡೆಯಿಂದ ವರ್ಣಮಾಲೆಯ ಅರ್ಧ ಹಕ್ಕಳೆಯಾಗಿ ಎದ್ದಿತ್ತು. ಬಳಿಯುವುದೇ ಆದರೆ ಡಿಸೆಂಬರ್, ಜನವರಿಯಲ್ಲಿ, ಒಳಗೋಡೆಗೆ.

ಪುಸ್ತಕದ ಕತೆ ಇನ್ನೂ ಸೂಕ್ಷ್ಮ. ಕೊಟ್ಟ ಪುಸ್ತಕ ದಾಸ್ತಾನು ವಹಿಗೆ ಏರಿದ ಕ್ಷಣದಿಂದ ಅದರ ಲೆಕ್ಕ ಒಬ್ಬ ಶಿಕ್ಷಕರ ತಲೆಯ ಮೇಲಿರುತ್ತದೆ. ಕಳೆದರೆ ಅವರು ಉತ್ತರ ಹೇಳಬೇಕು, ಆದ್ದರಿಂದ ಅದು ಕಪಾಟಿನಲ್ಲಿ ಬೀಗದೊಳಗೆ ಕೂರುತ್ತದೆ. ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ಕಪಾಟು ತೆರೆದು, ಯಾರು ಯಾವುದನ್ನು ಒಯ್ದರು ಎಂದು ಬರೆದುಕೊಂಡು, ಮುಂದಿನ ವಾರ ಕೇಳಿ ಪಡೆಯುವ ಜವಾಬ್ದಾರಿಯನ್ನು ನೀವು ಹೊತ್ತರೆ ಅದೇ ಕಪಾಟು ಗ್ರಂಥಾಲಯವಾಗುತ್ತದೆ. ಹೊಸ ಪುಸ್ತಕದ ಅಗತ್ಯ ಎಷ್ಟೋ ಕಡೆ ಇರುವುದಿಲ್ಲ, ಕೀಲಿ ತಿರುಗಿಸುವವರ ಅಗತ್ಯ ಇರುತ್ತದೆ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮವೂ ಇದೆ. ಶಾಲೆಯ ಮಕ್ಕಳನ್ನು ಒಂದು ಸಂಜೆ ಅಲ್ಲಿಗೆ, ಶಿಕ್ಷಕರೊಡನೆ, ಕರೆದೊಯ್ದು ಪರಿಚಯಿಸಿದರೆ ಉಳಿದದ್ದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ.

ಸ್ವಲ್ಪ ಮುಂದಕ್ಕೆ

ಎಂಟನೆಯ, ಹತ್ತನೆಯ ತರಗತಿಯ ಮಕ್ಕಳಿಗೆ ಪಾಠವಲ್ಲದೆ ಬೇರೇನು ನೆರವು ಕೊಡಬಹುದು?

ಎಂಟನೆಯ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ತಯಾರಿ, ನನ್ನ ಮಟ್ಟಿಗೆ, ಕಾಲೇಜು ವಿದ್ಯಾರ್ಥಿ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ. ಸರಕಾರಿ ಮತ್ತು ಅನುದಾನಿತ ಶಾಲೆಗಳ, ವರ್ಷಕ್ಕೆ 3.5 ಲಕ್ಷ ರೂಪಾಯಿಯವರೆಗಿನ ಆದಾಯದ ಕುಟುಂಬಗಳ ಮಕ್ಕಳಿಗಿರುವ ಈ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಎರಡು ಪತ್ರಿಕೆಗಳಿವೆ: ಬೌದ್ಧಿಕ ಸಾಮರ್ಥ್ಯದ್ದೊಂದು, ಪಠ್ಯವಿಷಯಗಳದ್ದೊಂದು. ಪಠ್ಯದ ಭಾಗವನ್ನು ಶಿಕ್ಷಕರು ನೋಡಿಕೊಳ್ಳುತ್ತಾರೆ. ಸಂಖ್ಯಾಶ್ರೇಣಿ, ಸಂಕೇತ ಬಿಡಿಸುವುದು, ಆಕೃತಿಗಳ ಹೋಲಿಕೆ ಮುಂತಾದ ಬೌದ್ಧಿಕ ಭಾಗಕ್ಕೆ ಅವರಿಗೆ ಸಮಯ ಸಾಲುವುದಿಲ್ಲ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನಿಮಗೆ ಇವು ಹೇಗೂ ಪರಿಚಿತ. ಹತ್ತನೆಯವರಿಗೆ ಬೇಕಾದದ್ದು ಪಿಯುಸಿ, ಐಟಿಐ, ಡಿಪ್ಲೊಮಾಗಳ ನಡುವಿನ ವ್ಯತ್ಯಾಸವನ್ನು ಹೆತ್ತವರ ಎದುರಿನಲ್ಲೇ ಬಿಡಿಸಿ ಹೇಳುವವರು ಮತ್ತು ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂರುವವರು.

ನನಗೆ ಯಕ್ಷಗಾನ ಬರುತ್ತದೆ, ನನ್ನ ಗೆಳತಿ ಭೌತಶಾಸ್ತ್ರ ಓದುತ್ತಾಳೆ. ಇದಕ್ಕೆಲ್ಲ ಶಾಲೆಯಲ್ಲಿ ಜಾಗ ಇದೆಯೇ?

ತಿಂಗಳಿಗೊಂದು ಶನಿವಾರ ಪುಸ್ತಕದ ಚೀಲವಿಲ್ಲದೆ ಮಕ್ಕಳು ಬರುವ ‘ಸಂಭ್ರಮ ಶನಿವಾರ’ ಇದಕ್ಕೆ ಹೇಳಿ ಮಾಡಿಸಿದ ದಿನ. ಹೆಜ್ಜೆ ಕಲಿಸುವವರು ವಾರ್ಷಿಕೋತ್ಸವದ ಪ್ರಸಂಗವೊಂದನ್ನು ಗುರಿಯಾಗಿಟ್ಟುಕೊಂಡರೆ ಮಕ್ಕಳು ಅರ್ಥಗಾರಿಕೆಗಾಗಿ ಒಳ್ಳೆಯ ಕನ್ನಡವನ್ನು ತಾವಾಗಿ ಬಾಯಿಪಾಠ ಮಾಡುತ್ತಾರೆ. ಇಂಗ್ಲಿಷ್ ಪದವೊಂದೂ ನುಸುಳದ ಮಾತುಗಾರಿಕೆ ಇವತ್ತು ಬೇರೆಲ್ಲಿ ಕೇಳಸಿಗುತ್ತದೆ? ಭೌತಶಾಸ್ತ್ರದವರು ಸೂಜಿರಂಧ್ರ ಕ್ಯಾಮೆರಾ, ಸರಳ ವಿದ್ಯುತ್ ಮಂಡಲಗಳಿಂದ ಆರಂಭಿಸಿ, ವರ್ಷದ ಕೊನೆಗೆ ಪಿಲಿಕುಳದ ವಿಜ್ಞಾನ ಕೇಂದ್ರಕ್ಕೋ ತಾರಾಲಯಕ್ಕೋ ಹೋಗುವ ಪ್ರವಾಸದಲ್ಲಿ ಶಿಕ್ಷಕರ ಜೊತೆಗಿರಬಹುದು. ಹೋಗುವ ಮುನ್ನ ಏನು ನೋಡಬೇಕೆಂದು ಹೇಳಿಕೊಟ್ಟಿರದಿದ್ದರೆ ಮಕ್ಕಳಿಗೆ ನೆನಪುಳಿಯುವುದು ಐಸ್‌ಕ್ರೀಮ್ ಮಾತ್ರ.

ಬಂದರಿನ ಮತ್ತು ಕಟ್ಟಡ ಕೆಲಸದವರ ಮಕ್ಕಳು ವರ್ಷದ ನಡುವೆ ಕಾಣೆಯಾಗುತ್ತಾರೆ. ಅವರಿಗೆ ಕಲಿಸಿ ಏನು ಫಲ?

ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಬಂದ ಕುಟುಂಬಗಳು ಕೆಲಸ ಇದ್ದಲ್ಲಿಗೆ ಹೋಗುತ್ತವೆ. ಮಲ್ಪೆಯಲ್ಲಾಗಲಿ ಮಂಗಳೂರಿನ ಮೀನುಗಾರಿಕಾ ಬಂದರಾದ ಧಕ್ಕೆಯಲ್ಲಾಗಲಿ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈಗಳಲ್ಲಿ ಹಲವರು ಊರಿಗೆ ಮರಳುತ್ತಾರೆ. ಶಾಲೆ ತೆರೆಯುವುದೂ ಆಗಲೇ. ಆಗಸ್ಟ್‌ನಲ್ಲಿ ಬಂದು ಸೇರುವ ಮಗು ಎರಡು ತಿಂಗಳು ಹಿಂದುಳಿದೇ ಆರಂಭಿಸುತ್ತದೆ. ಈ ಮಕ್ಕಳಿಗಾಗಿ ಆಗಸ್ಟ್, ಸೆಪ್ಟೆಂಬರ್‌ಗಳನ್ನು ಮೀಸಲಿಟ್ಟರೆ ಅದಕ್ಕಿಂತ ಸಾರ್ಥಕ ಇನ್ನೊಂದಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳುವುದು ಮತ್ತು ವಿಶೇಷ ತರಬೇತಿ ಕೊಡುವುದು ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಕಲಮಿನಲ್ಲಿಯೇ ಇದೆ. ವರ್ಗಾವಣೆ ಪತ್ರವಿಲ್ಲವೆಂದು ಯಾವ ಶಾಲೆಯೂ ಪ್ರವೇಶ ನಿರಾಕರಿಸುವಂತಿಲ್ಲ. ಮಗು ಹೊರಟುಹೋಗುವಾಗ ಅದು ಎಲ್ಲಿಯವರೆಗೆ ಓದಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಮುಂದಿನ ಊರಿನ ಟೀಚರಿಗೆ ಉಪಕಾರವಾಗುತ್ತದೆ.

ಒಬ್ಬಳು ಹುಡುಗಿ ತನಗೆ ಆಗುತ್ತಿರುವ ತೊಂದರೆ ಹೇಳಿ, ‘ಅಕ್ಕ, ಯಾರಿಗೂ ಹೇಳಬೇಡಿ’ ಎಂದಳು. ನಾನು ಮಾತು ಕೊಟ್ಟುಬಿಟ್ಟೆ.

ಆ ಮಾತನ್ನು ಉಳಿಸಿಕೊಳ್ಳಲಾಗದು, ಮುಂದೆ ಯಾರಿಗೂ ಕೊಡಲೂಬೇಡಿ. ‘ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ’ ಎನ್ನುವುದು ಸರಿಯಾದ ಉತ್ತರ. ಲೈಂಗಿಕ ದೌರ್ಜನ್ಯದ ಸಂಗತಿಯಾದರೆ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಲೇಬೇಕು. ವಿದ್ಯಾರ್ಥಿ ಎಂಬ ವಿನಾಯಿತಿ ಇಲ್ಲ. ಮನೆಯ ಹೊಡೆತ, ದುಡಿಮೆ, ಬಾಲ್ಯವಿವಾಹದ ಮಾತು ಯಾವುದಾದರೂ 1098 ಮಕ್ಕಳ ಸಹಾಯವಾಣಿ ದಿನದ 24 ಗಂಟೆಯೂ ಇದೆ. ಹುಡುಗಿಯನ್ನು ಮತ್ತೆ ಮತ್ತೆ ಪ್ರಶ್ನಿಸಬೇಡಿ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಅಂದೇ ಬರೆದಿಡಿ, ಮುಖ್ಯೋಪಾಧ್ಯಾಯರಿಗೂ ನಿಮ್ಮ ಯೋಜನಾಧಿಕಾರಿಗೂ ಅಂದೇ ತಿಳಿಸಿ. ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದಕ್ಷರವೂ ಬೇಡ.

ನನ್ನ ಮನೆ ಮಂಜೇಶ್ವರ, ಓದುವುದು ಮಂಗಳೂರಿನಲ್ಲಿ. ನನ್ನೂರಿನ ಕನ್ನಡ ಶಾಲೆಗೆ ಹೋಗಬಹುದೇ?

ಖಂಡಿತ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳು ಕೇರಳದ ಶಿಕ್ಷಣ ಇಲಾಖೆಗೆ ಸೇರಿದ್ದರಿಂದ ಅಲ್ಲಿ ಎಸ್‌ಡಿಎಂಸಿಯ ಬದಲು ರಕ್ಷಕ–ಶಿಕ್ಷಕ ಸಂಘವನ್ನೂ, ಕ್ಷೇತ್ರ ಶಿಕ್ಷಣಾಧಿಕಾರಿಯ ಬದಲು ಉಪಜಿಲ್ಲಾ ಶಿಕ್ಷಣಾಧಿಕಾರಿಯನ್ನೂ ಕಾಣಬೇಕು. ಪಠ್ಯಪುಸ್ತಕ, ಪರೀಕ್ಷೆ, ರಜೆಗಳು ಬೇರೆ.

ನಾವು ಮೂರು ವರ್ಷ ಮುಗಿಸಿ ಹೋದ ಮೇಲೆ ಆ ಮಕ್ಕಳ ಗತಿ?

ಅಂತಿಮ ವರ್ಷದವರೇ ತುಂಬಿದ ತಂಡ ಕಟ್ಟಿದರೆ ಈ ಪ್ರಶ್ನೆಗೆ ಉತ್ತರವಿಲ್ಲ. ಆರು ಜನರ ತಂಡದಲ್ಲಿ ಪ್ರತಿ ವರ್ಷದ ಇಬ್ಬರಿರಲಿ. ಹಿರಿಯರು ಜನವರಿಯಿಂದಲೇ ಕಿರಿಯರನ್ನು ಜೊತೆಗೆ ಕರೆದೊಯ್ದು ಮಕ್ಕಳಿಗೆ ಪರಿಚಯಿಸಲಿ. ಇದರ ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಪುಸ್ತಕ ಬೇಕು. ಪ್ರತಿ ಮಗುವಿಗೆ ಎರಡು ಪುಟದಂತೆ, ಯಾವ ದಿನ ಏನು ಓದಿತು, ಎಲ್ಲಿ ತಡವರಿಸಿತು, ಯಾವ ಕತೆಗೆ ನಕ್ಕಿತು ಎಂಬುದನ್ನು ಬಸ್ಸು ಹತ್ತುವ ಮುನ್ನ ಐದು ನಿಮಿಷ ಕುಳಿತು ಬರೆಯಿರಿ. ಪುಸ್ತಕವನ್ನು ಶಾಲೆಯಲ್ಲೇ, ಟೀಚರ ಮೇಜಿನ ಒಳಗೆ ಇಡಬೇಕು. ನಾನು ನೋಡಿದ ಒಂದು ಶಾಲೆಯಲ್ಲಿ ಅಂಥ ಪುಸ್ತಕಕ್ಕೆ ಈಗ ನಾಲ್ಕು ಬೇರೆ ಬೇರೆ ಕೈಬರಹಗಳಿವೆ. ಕೊನೆಯ ಕೈಬರಹ ಆ ಶಾಲೆಯಲ್ಲೇ ಏಳನೆಯವರೆಗೆ ಕಲಿತು, ನಮ್ಮ ಕಾಲೇಜಿಗೆ ಸೇರಿದ ಹುಡುಗಿಯದು.